ಮೇ ತಿಂಗಳ ಸುಡು ಬಿಸಿಲಲ್ಲಿ ಯೂನಿಟ್ ಕಡಿಮೆ, ಮಾರ್ಚ್‌ನಲ್ಲಿ ಜಾಸ್ತಿ. ಪ್ಯಾನೆಲ್ ಕೆಟ್ಟಿದೆಯಾ?

ತುಂಗಭದ್ರಾ ದಂಡೆ (ಸಿಂಧನೂರು)

ಎಲ್ಲರಿಗೂ ನಮಸ್ಕಾರ. ಕಳೆದ ನವೆಂಬರ್‌ನಲ್ಲಿ ಮನೆ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದೆ. ಸೂರ್ಯಘರ್ ಯೋಜನೆಯ 78,000 ರೂಪಾಯಿ ಸಬ್ಸಿಡಿಯೂ ಬಂತು, ಅದರಲ್ಲಿ ತಕರಾರಿಲ್ಲ. ತಲೆಬಿಸಿ ಆಗಿರುವುದು ಯೂನಿಟ್ ಲೆಕ್ಕ.

ಹಾಕಿಕೊಟ್ಟವರು ಹೇಳಿದ್ದು ಹೀಗೆ: "ಸರ್, ನಿಮ್ಮದು ರಾಯಚೂರು ಜಿಲ್ಲೆ. ಏಪ್ರಿಲ್, ಮೇ ಬರಲಿ, ಮೀಟರ್ ಹೇಗೆ ತಿರುಗುತ್ತೆ ನೋಡಿ." ನಾನೂ ನಂಬಿದೆ. ಬಿಸಿಲಿಗೆ ನಮ್ಮ ಕಡೆ ಏನು ಬರ, ಅಲ್ವಾ?

ಮಾರ್ಚ್‌ನಲ್ಲಿ 450 ಯೂನಿಟ್ ಬಂತು. ಮೇ ತಿಂಗಳಲ್ಲಿ 380. ಹೊರಗೆ 42 ಡಿಗ್ರಿ, ನಾಯಿ ಕೂಡ ನೆರಳು ಬಿಟ್ಟು ಬರುವುದಿಲ್ಲ, ಆದರೂ 70 ಯೂನಿಟ್ ಕಡಿಮೆ. ಇನ್ನೊಂದು ವಿಚಾರ. ಜನವರಿಯಲ್ಲಿ ಮಧ್ಯಾಹ್ನ ಆ್ಯಪ್‌ನಲ್ಲಿ 2.5 ಕಿಲೋವ್ಯಾಟ್ ತೋರಿಸುತ್ತಿತ್ತು. ಈಗ ಅದೇ ಹೊತ್ತಿಗೆ 2.2 ದಾಟುವುದಿಲ್ಲ. 3 ಕಿಲೋವ್ಯಾಟ್‌ಗೆ ದುಡ್ಡು ಕೊಟ್ಟು 2.2 ನೋಡುತ್ತಾ ಕೂತಿದ್ದೇನೆ.

ಫೋನ್ ಮಾಡಿದರೆ "ಪ್ಯಾನೆಲ್ ಸರಿ ಇದೆ ಸರ್, ಹವಾಮಾನ" ಅಂತಾರೆ. ಆಗ ಬಿಸಿಲು ಜಾಸ್ತಿ ಅಂದವರೂ ಅವರೇ, ಈಗ ಹವಾಮಾನ ಅನ್ನುವವರೂ ಅವರೇ. ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿವೆ, ಓರೆ 15 ಡಿಗ್ರಿ, ನೆರಳು ಬೀಳುವ ಮರ ಯಾವುದೂ ಇಲ್ಲ. ಪಾವಗಡದಂಥ ದೊಡ್ಡ ಪ್ಲಾಂಟ್‌ಗಳಲ್ಲೂ ಹೀಗೇ ಆಗುತ್ತದೆಯಾ? ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ಗಿರಣಿ ಚಾಳ (ಹುಬ್ಬಳ್ಳಿ)

ಕಾವು ಜಾಸ್ತಿ ಆದರೆ ಪ್ಯಾನೆಲ್ ಸುಸ್ತಾಗುತ್ತದೆ, ಅಷ್ಟೇ ವಿಷಯ. ಮಧ್ಯಾಹ್ನ ಒಂದು ಗಂಟೆಗೆ ಪೈಪ್ ಹಿಡಿದು ನೀರು ಬಿಡಿ, ಆ್ಯಪ್‌ನಲ್ಲಿ ತಕ್ಷಣ ಮೇಲೆ ಏರುತ್ತದೆ. ನಮ್ಮ ಪಕ್ಕದ ಮನೆಯವರು ಹಾಗೇ ಮಾಡುತ್ತಾರೆ.

ಪಾವಗಡ ಪಾಳಿ

ಮೊದಲು ಮೇಲಿನ ಸಲಹೆಗೆ ಒಂದು ಮಾತು. ಏರುತ್ತದೆ, ನಿಜ. ಆದರೆ ಮಾಡಬೇಡಿ. 65 ಡಿಗ್ರಿ ಕಾದ ಗಾಜಿಗೆ ಒಮ್ಮೆಲೇ ತಣ್ಣೀರು ಬಿದ್ದರೆ ಗಾಜಿಗೂ ಒಳಗಿನ ಸೆಲ್‌ಗೂ ಒಳ್ಳೆಯದಲ್ಲ. ಅದಕ್ಕಿಂತ ದೊಡ್ಡ ಕಾಟ ನೀರಿನದ್ದೇ. ಸಿಂಧನೂರು ಕಡೆ ಬೋರ್‌ವೆಲ್ ನೀರು ಅಂದರೆ ಉಪ್ಪು. ಕಾದ ಗಾಜಿನ ಮೇಲೆ ಅದು ಆರಿದರೆ ಬಿಳಿ ಕಲೆ ಕೂರುತ್ತದೆ. ಆಮೇಲೆ ಉಜ್ಜಿದರೂ ಹೋಗುವುದಿಲ್ಲ. ಅರ್ಧ ಗಂಟೆಯ ಲಾಭಕ್ಕೆ ವರ್ಷಗಟ್ಟಲೆ ನಷ್ಟ.

ನನ್ನ ಪರಿಚಯ: ಪಾವಗಡ ಸೋಲಾರ್ ಪಾರ್ಕ್‌ನ ಒಂದು ಪ್ಲಾಂಟ್‌ನಲ್ಲಿ ನಿರ್ವಹಣೆ ಕೆಲಸ. ಅದಕ್ಕೂ ಮೊದಲು ರಾಜಸ್ಥಾನದ ಭಡ್ಲಾ ಸೋಲಾರ್ ಪಾರ್ಕ್‌ನಲ್ಲಿದ್ದೆ. ಹಾಗಾಗಿ ನಿಮ್ಮ 450, 380 ನೋಡಿ ಗಾಬರಿ ಆಗಲಿಲ್ಲ, ನಗು ಬಂತು. ನಮ್ಮ ಗ್ರಾಫ್ ಕೂಡ ಇದೇ ಆಕಾರದಲ್ಲಿರುತ್ತದೆ.

ನಿಮ್ಮದು ಎರಡು ಬೇರೆ ಬೇರೆ ಪ್ರಶ್ನೆ. ಮಧ್ಯಾಹ್ನದ ಕಿಲೋವ್ಯಾಟ್, ಅಂದರೆ ಆ ಕ್ಷಣದ ಶಕ್ತಿ, ಯಾಕೆ ಇಳಿಯಿತು ಅನ್ನುವುದು ಒಂದು. ತಿಂಗಳ ಯೂನಿಟ್, ಅಂದರೆ ಇಡೀ ತಿಂಗಳು ಬಂದ ಒಟ್ಟು ಕರೆಂಟ್, ಯಾಕೆ ಇಳಿಯಿತು ಅನ್ನುವುದು ಇನ್ನೊಂದು. ಎಲ್ಲರೂ ಎರಡಕ್ಕೂ ಕಾವನ್ನೇ ದೂರುತ್ತಾರೆ. ಮೊದಲನೆಯದಕ್ಕೆ ಅದು ಬಹುಪಾಲು ಸರಿ. ಎರಡನೆಯದಕ್ಕೆ ಕಾವಿನ ಪಾಲು ತೀರಾ ಸಣ್ಣದು.

ಮೊದಲನೆಯದು. ಪ್ಯಾನೆಲ್ ಹಿಂದೆ ಒಂದು ಲೇಬಲ್ ಇರುತ್ತದೆ, ಇಲ್ಲವೇ ಕೊಟ್ಟ ಕಾಗದದಲ್ಲಿ ನೋಡಿ. ಟೆಂಪರೇಚರ್ ಕೋಎಫಿಷಿಯೆಂಟ್ ಅಂತ ಒಂದು ಸಂಖ್ಯೆ, ಸುಮಾರು ಮೈನಸ್ 0.35 ಶೇಕಡಾ ಇರುತ್ತದೆ. ಟಾಪ್‌ಕಾನ್ ಅನ್ನುವ ಹೊಸ ಬಗೆಯ ಪ್ಯಾನೆಲ್ ಆದರೆ 0.30ರ ಹತ್ತಿರ. ಅರ್ಥ ಇಷ್ಟೇ: ಪ್ಯಾನೆಲ್ 25 ಡಿಗ್ರಿ ದಾಟಿದ ಮೇಲೆ ಪ್ರತಿ ಡಿಗ್ರಿಗೂ ಅಷ್ಟು ಶಕ್ತಿ ಕಡಿಮೆ. ಗಮನಿಸಿ, ಗಾಳಿಯ ತಾಪಮಾನ ಅಲ್ಲ, ಪ್ಯಾನೆಲ್‌ದು. ಪೂರ್ತಿ ಬಿಸಿಲಿಗೆ ಪ್ಯಾನೆಲ್ ಹೊರಗಿನ ಗಾಳಿಗಿಂತ 25ರಿಂದ 30 ಡಿಗ್ರಿ ಜಾಸ್ತಿ ಕಾಯುತ್ತದೆ. ನಿಮ್ಮೂರಲ್ಲಿ ಗಾಳಿ 42 ಇದ್ದರೆ ಪ್ಯಾನೆಲ್ 68ರ ಆಸುಪಾಸು. 25ಕ್ಕಿಂತ 43 ಡಿಗ್ರಿ ಮೇಲೆ. ಅಂದರೆ ನೂರಕ್ಕೆ ಹದಿನೈದು ಹೋಯಿತು. ಜನವರಿಯಲ್ಲಿ ಗಾಳಿ 29, ಪ್ಯಾನೆಲ್ 52 ಅಂದುಕೊಂಡರೆ ಹೋಗುವುದು ಒಂಬತ್ತೂವರೆ. ಇನ್ವರ್ಟರ್ (ಪ್ಯಾನೆಲ್ ಕರೆಂಟನ್ನು ಮನೆಗೆ ಬೇಕಾದ ಕರೆಂಟ್ ಮಾಡುವ ಪೆಟ್ಟಿಗೆ), ವೈರ್, ಸ್ವಲ್ಪ ಧೂಳು ಎಲ್ಲ ಕಳೆದರೆ ನಿಮ್ಮ 2.5 ಮತ್ತು 2.2 ಎರಡೂ ಸರಿಯಾಗಿಯೇ ಕೂರುತ್ತವೆ. 3 ಕಿಲೋವ್ಯಾಟ್ ಅನ್ನುವುದು ಎಸಿ ರೂಮಿನಷ್ಟು ತಣ್ಣಗಿರುವ ಪ್ಯಾನೆಲ್ ಮೇಲೆ ಪೂರ್ತಿ ಬೆಳಕು ಬಿಟ್ಟು ಲ್ಯಾಬ್‌ನಲ್ಲಿ ಅಳೆದ ಲೆಕ್ಕ. ನಮ್ಮ ದೇಶದ ಚಾವಣಿ ಮೇಲೆ ಮಧ್ಯಾಹ್ನ ಆ ಎರಡೂ ಒಟ್ಟಿಗೆ ಸಿಗುವುದು ಅಪರೂಪ.

ಈಗ ಯೂನಿಟ್. ಮಾರ್ಚ್‌ನಲ್ಲೂ ನಿಮ್ಮೂರು ತಂಪೇನಲ್ಲ, 37, 38 ಇರುತ್ತದೆ. ಮೇಗೂ ಮಾರ್ಚ್‌ಗೂ ನಾಲ್ಕೈದು ಡಿಗ್ರಿ ವ್ಯತ್ಯಾಸ. ಅದರಿಂದ ಹೋಗುವುದು ನೂರಕ್ಕೆ ಒಂದೂವರೆಯಷ್ಟು. ನಿಮಗೆ ಕಡಿಮೆ ಆಗಿರುವುದು ಹದಿನೈದಕ್ಕೂ ಹೆಚ್ಚು. ಉಳಿದದ್ದು ಎಲ್ಲಿ ಹೋಯಿತು?

ದೊಡ್ಡ ಪಾಲು ಸೂರ್ಯನೇ ತೆಗೆದುಕೊಂಡು ಹೋದ. ನೀವು 16 ಡಿಗ್ರಿ ಅಕ್ಷಾಂಶದ ಹತ್ತಿರ ಇದ್ದೀರಿ. ಮಾರ್ಚ್ 21ರ ಹೊತ್ತಿಗೆ ಸೂರ್ಯ ಸಮಭಾಜಕದ ಮೇಲೆ. ಆಗ 15 ಡಿಗ್ರಿ ದಕ್ಷಿಣಕ್ಕೆ ಓರೆಯಾದ ನಿಮ್ಮ ಪ್ಯಾನೆಲ್‌ಗೆ ಮಧ್ಯಾಹ್ನದ ಬೆಳಕು ನೆಟ್ಟಗೆ ಎದೆಗೇ ಬೀಳುತ್ತದೆ. ಮೇ ಮೊದಲ ವಾರ ಸೂರ್ಯ ನಿಮ್ಮ ನೆತ್ತಿ ಮೇಲೆ. ಶೂನ್ಯ ನೆರಳಿನ ದಿನ ಅಂತ ಪೇಪರ್‌ನಲ್ಲಿ ಫೋಟೋ ಬರುತ್ತದಲ್ಲ, ಬೆಂಗಳೂರಿಗೆ ಅದು ಏಪ್ರಿಲ್ 24ರ ಸುಮಾರಿಗೆ, ನಿಮಗೆ ಸ್ವಲ್ಪ ತಡವಾಗಿ. ಅಲ್ಲಿಂದ ಆಗಸ್ಟ್ ಎರಡನೇ ವಾರದವರೆಗೆ ಮಧ್ಯಾಹ್ನದ ಸೂರ್ಯ ನಿಮಗೆ ಉತ್ತರದಲ್ಲಿರುತ್ತಾನೆ. ನಿಮ್ಮ ಪ್ಯಾನೆಲ್ ದಕ್ಷಿಣಕ್ಕೆ ನೋಡುತ್ತಿದೆ. ಬೆಳಗ್ಗೆ, ಸಂಜೆ ಇನ್ನೂ ಕಷ್ಟ. ಸೂರ್ಯ ಈಶಾನ್ಯಕ್ಕೆ ಹುಟ್ಟಿ ವಾಯವ್ಯಕ್ಕೆ ಮುಳುಗುವುದರಿಂದ ಪ್ಯಾನೆಲ್‌ನ ಬೆನ್ನ ಕಡೆ ಇರುತ್ತಾನೆ. ಹಗಲು ಉದ್ದ ಆಗಿದ್ದರ ಲಾಭ ಇಲ್ಲೇ ಕರಗಿ ಹೋಗುತ್ತದೆ.

ಜೊತೆಗೆ ಮೇ ತಿಂಗಳ ಆಕಾಶ. ಮಾರ್ಚ್‌ನಷ್ಟು ಶುಭ್ರ ಇರುವುದಿಲ್ಲ. ಮಧ್ಯಾಹ್ನದ ಮೇಲೆ ಮೋಡ ಕಟ್ಟುತ್ತದೆ, ಮಳೆ ಬಂದರೂ ಬಾರದಿದ್ದರೂ ಮೂರು ಗಂಟೆ ನಂತರದ ಬೆಳಕು ಹೋಯಿತು. ಗಾಳಿಯಲ್ಲಿ ಧೂಳಿನ ಮಬ್ಬು ಬೇರೆ.

ಕೊನೆಗೆ ನಿಮ್ಮೂರಿನದ್ದೇ ಒಂದು ವಿಶೇಷ. ಕಾಲುವೆ ನೀರಿನ ಎರಡನೇ ಬೆಳೆ ಭತ್ತದ ಕೊಯ್ಲು ಯಾವಾಗ? ಏಪ್ರಿಲ್ ಆಸುಪಾಸು. ಹಾರ್ವೆಸ್ಟರ್ ಓಡಿದರೆ ಎಷ್ಟು ದೂಳು ಏಳುತ್ತದೆ ಅಂತ ನಿಮಗೆ ನಾನು ಹೇಳಬೇಕಾ? ಹತ್ತಿರ ಅಕ್ಕಿ ಗಿರಣಿ ಇದ್ದರೆ ಉಮಿ ಬೂದಿಯೂ ಸೇರುತ್ತದೆ. ಎರೆ ಮಣ್ಣಿನ ದೂಳು ನಮ್ಮ ಪಾವಗಡದ ಕೆಂಪು ಮಣ್ಣಿಗಿಂತ ನುಣುಪು, ಗಾಜಿಗೆ ಅಂಟಿಕೊಂಡು ಕೂರುತ್ತದೆ. ಬೆಳಗಿನ ಜಾವ ಇಬ್ಬನಿ ಬಿದ್ದರೆ ಇನ್ನೂ ಗಟ್ಟಿ. ಜನ ಮಳೆ ಬಂದರೆ ತೊಳೆದು ಹೋಗುತ್ತದೆ ಅಂತ ಬಿಡುತ್ತಾರೆ. ಜೋರು ಮಳೆ ತೊಳೆಯುತ್ತದೆ, ನಿಜ. ನಾಲ್ಕು ಹನಿ ಬಿದ್ದು ನಿಂತರೆ ಮಾತ್ರ ದೂಳೆಲ್ಲ ಕೆಸರಾಗಿ ಇಳಿದು ಕೆಳಗಿನ ಫ್ರೇಮ್ ಅಂಚಿಗೆ ಪಟ್ಟಿ ಕಟ್ಟುತ್ತದೆ. ಅದು ಕೆಟ್ಟದ್ದು. ಕೆಳಗಿನ ಸಾಲಿನ ಸೆಲ್‌ಗಳು ಮುಚ್ಚಿದರೆ ಪ್ಯಾನೆಲ್‌ನ ಒಂದಿಷ್ಟು ಭಾಗವೇ ಕೆಲಸ ನಿಲ್ಲಿಸಬಹುದು. ಒಮ್ಮೆ ಹತ್ತಿ ಆ ಅಂಚು ನೋಡಿ. ಬೆಳಗ್ಗೆ ಸೂರ್ಯ ಏರುವ ಮುಂಚೆ, ಒಳ್ಳೆ ನೀರು, ಮೆತ್ತನೆ ಬಟ್ಟೆ. ಸೋಪು ಬೇಡ.

ಪಾವಗಡದ ಬಗ್ಗೆ ಕೇಳಿದ್ದೀರಿ. ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್. ತಿರುಮಣಿ, ವಳ್ಳೂರು ಸುತ್ತಮುತ್ತಲ ಹಳ್ಳಿಗಳ ರೈತರು ಜಮೀನು ಮಾರಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುಮಾಡಿ ಗುತ್ತಿಗೆಗೆ ಕೊಟ್ಟಿದ್ದಾರೆ. ಜಾಗ ಆರಿಸಿದ್ದಕ್ಕೆ ಹವಾಮಾನವೂ ದೊಡ್ಡ ಕಾರಣ. ಪಶ್ಚಿಮ ಘಟ್ಟದ ಮಳೆ ನೆರಳಿನ ಊರು, ಮೋಡ ಕಡಿಮೆ. ಜೊತೆಗೆ ಸಮುದ್ರ ಮಟ್ಟದಿಂದ 600 ಮೀಟರ್‌ಗಿಂತ ಮೇಲಿದೆ. ನಿಮ್ಮಷ್ಟು ಕಾಯುವುದಿಲ್ಲ, ಬಯಲಿನ ಗಾಳಿ ಚೆನ್ನಾಗಿ ಬೀಸುತ್ತದೆ. ಸೋಲಾರ್‌ಗೆ ಬೇಕಾದ್ದು ಬೆಂಕಿಯಂಥ ಊರಲ್ಲ. ಬೆಳಕು ಜಾಸ್ತಿ, ಕಾವು ಹದ, ಗಾಳಿ ಇರುವ ಊರು.

ಇಲ್ಲಿ ಒಂದು ತಮಾಷೆ ಇದೆ. ಮೋಡ ಕಂಡರೆ ಊರಿನವರ ಮುಖ ಅರಳುತ್ತದೆ, ಕಂಟ್ರೋಲ್ ರೂಮ್‌ನಲ್ಲಿ ನಮ್ಮ ಮುಖ ಗಂಟಿಕ್ಕುತ್ತದೆ. ಎಷ್ಟು ಕರೆಂಟ್ ಕೊಡುತ್ತೇವೆ ಅಂತ 15 ನಿಮಿಷದ ಒಂದೊಂದು ತುಂಡಿಗೂ ಮೊದಲೇ ಬರೆದು ಕೊಡಬೇಕು. ತಪ್ಪಿದರೆ ದಂಡ. ಒಂದು ಬಿಡಿ ಮೋಡ ಬಂದರೆ ಸಾಕು, ನಮ್ಮ ಪ್ಲಾಂಟ್ ನಿಮಿಷಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಕೆಲವು ಕಿಲೋಮೀಟರ್ ಆಚೆ ಇರುವ ಪ್ಲಾಂಟ್ ಆಗ ಪೂರ್ತಿ ಓಡುತ್ತಿರುತ್ತದೆ. ಪಾರ್ಕ್ ಹರಡಿಕೊಂಡಿರುವುದರಿಂದ ಒಟ್ಟು ಲೆಕ್ಕ ಅಷ್ಟು ಕುಣಿಯುವುದಿಲ್ಲ, ಅದೇ ಸಮಾಧಾನ. ಜುಲೈನಲ್ಲಂತೂ ದಿನವಿಡೀ ಇದೇ ಆಟ. ಅದೇ ತಿಂಗಳು ಗದಗ, ಚಿತ್ರದುರ್ಗದ ಗಾಳಿಯಂತ್ರಗಳಿಗೆ ಸುಗ್ಗಿ. ನಮ್ಮ ಸೋಲಾರ್ ಮಲಗಿದಾಗ ಅವು ಏಳುತ್ತವೆ. ರಾಜ್ಯದ ಅದೃಷ್ಟ ಅದು.

ಅಡಿಕೆ ಸಿಪ್ಪೆ (ತೀರ್ಥಹಳ್ಳಿ)

ಓದಿ ಹೊಟ್ಟೆ ಉರಿಯಿತು. ಮೇ ತಿಂಗಳಲ್ಲಿ 380 ಬಂತು ಅಂತ ಅಳುತ್ತಿದ್ದೀರಾ ಮಾರಾಯ್ರೇ? ನಮ್ಮದೂ 3 ಕಿಲೋವ್ಯಾಟ್. ಜುಲೈನಲ್ಲಿ 190 ಬಂದರೆ ಮನೆಯಲ್ಲಿ ಪಾಯಸ. ಫೆಬ್ರವರಿ, ಮಾರ್ಚ್ ನಮಗೂ ಚೆನ್ನಾಗಿಯೇ ಬರುತ್ತದೆ, ನಿಮಗಿಂತ ಸ್ವಲ್ಪವೇ ಕಡಿಮೆ. ಆದರೆ ಜೂನ್‌ನಿಂದ ಆಗುಂಬೆ ಕಡೆಯಿಂದ ಮಳೆ ಹಿಡಿದರೆ ಸೂರ್ಯ ಇದ್ದಾನೋ ಇಲ್ಲವೋ ಅಂತ ಆ್ಯಪ್ ನೋಡಿಯೇ ತಿಳಿಯಬೇಕು. ದೂಳಿನ ಕಾಟ ಇಲ್ಲ, ಅದರ ಬದಲು ಪ್ಯಾನೆಲ್ ಅಂಚಿಗೆ ಹಾವಸೆ (ಪಾಚಿ) ಕಟ್ಟುತ್ತದೆ.

ಪಾವಗಡದವರಿಗೆ ಒಂದು ಪ್ರಶ್ನೆ. ಜುಲೈನಲ್ಲಿ ಒಮ್ಮೊಮ್ಮೆ ಮೋಡ ಬಿರಿದಾಗ ನಮ್ಮ ಮೀಟರ್ 2.9 ತೋರಿಸುತ್ತದೆ. ಮಾರ್ಚ್‌ನಲ್ಲೂ ಅಷ್ಟು ಕಂಡಿಲ್ಲ. ಯಂತ್ರದ ದೋಷವಾ?

ಪಾವಗಡ ಪಾಳಿ

ದೋಷ ಅಲ್ಲ. ನೀವು ನೋಡುವುದು ಮೋಡದ ಅಂಚಿನ ಆಟ. ಸೂರ್ಯನ ನೇರ ಬೆಳಕಿನ ಜೊತೆ ಪಕ್ಕದ ಬಿಳಿ ಮೋಡದ ಅಂಚು ಚದುರಿಸಿದ ಬೆಳಕೂ ಸೇರಿ ಬೀಳುತ್ತದೆ. ಲ್ಯಾಬ್‌ನ ಪೂರ್ತಿ ಬೆಳಕು ಅಂದರೆ ಚದರ ಮೀಟರ್‌ಗೆ 1,000 ವ್ಯಾಟ್, ಅದನ್ನೂ ದಾಟುತ್ತದೆ. ಮಳೆಗೆ ಪ್ಯಾನೆಲ್ ತಣ್ಣಗಿದೆ, ತೊಳೆದು ಹೊಳೆಯುತ್ತಿದೆ. ಮೂರೂ ಕೂಡಿದರೆ 2.9. ನಮ್ಮಲ್ಲೂ ಬೆಳಕು ಅಳೆಯುವ ಯಂತ್ರದಲ್ಲಿ ವರ್ಷದ ಅತಿ ಎತ್ತರದ ಗೆರೆಗಳು ಇಂಥ ದಿನಗಳಲ್ಲೇ ಬರುತ್ತವೆ, ಕೆಲವು ನಿಮಿಷಕ್ಕೆ ಮಾತ್ರ. ಅದರಿಂದ ಯೂನಿಟ್ ಏನೂ ಏರುವುದಿಲ್ಲ.

ದೊಡ್ಡ ಪ್ಲಾಂಟ್‌ಗಳ ಕರೆಂಟ್ ಗ್ರಾಫ್‌ನಲ್ಲಿ ಮಾತ್ರ ಇದು ಅಷ್ಟಾಗಿ ಕಾಣುವುದಿಲ್ಲ. 50 ಮೆಗಾವ್ಯಾಟ್ ಪ್ಲಾಂಟ್ ಅಂದರೆ ಪ್ಯಾನೆಲ್ 65 ಮೆಗಾವ್ಯಾಟ್‌ನಷ್ಟು ಹಾಕಿರಬಹುದು. ಕಾವು, ದೂಳು ಎಲ್ಲ ತಿಂದ ಮೇಲೂ 50 ಉಳಿಯಲಿ ಅಂತ. ತಂಪು ದಿನ ಅದಕ್ಕಿಂತ ಜಾಸ್ತಿ ಬಂದರೆ ಇನ್ವರ್ಟರ್ ಕತ್ತರಿಸಿ ಬಿಡುತ್ತದೆ. ಹಾಗಾಗಿ ಮಧ್ಯಾಹ್ನದ ಗ್ರಾಫ್ ತಲೆ ಬೋಳಿಸಿದಂತೆ ಸಪಾಟು. ಕಾವಿನ ನಷ್ಟ ಎಷ್ಟು ಅಂತ ಅದನ್ನು ನೋಡಿ ಹೇಳಲು ಬರುವುದಿಲ್ಲ. ಹೊಸಬರು ಕೆಲಸಕ್ಕೆ ಸೇರಿದಾಗ ಮೊದಲು ಇಲ್ಲೇ ಎಡವುತ್ತಾರೆ.

ನೆಕ್ಕರ್ ತೀರ (ಸ್ಟುಟ್‌ಗಾರ್ಟ್)

ಊರು ದಾವಣಗೆರೆ, ಈಗ ಜರ್ಮನಿಯಲ್ಲಿದ್ದೇನೆ. ಇಲ್ಲಿನ ಲೆಕ್ಕ ಕೇಳಿ. 1 ಕಿಲೋವ್ಯಾಟ್‌ಗೆ ವರ್ಷಕ್ಕೆ ಸುಮಾರು 1,000 ಯೂನಿಟ್. ಕರ್ನಾಟಕದಲ್ಲಿ ಸಲೀಸಾಗಿ 1,400 ದಾಟುತ್ತದೆ. ಡಿಸೆಂಬರ್‌ನಲ್ಲಿ ಇಡೀ ತಿಂಗಳು 1 ಕಿಲೋವ್ಯಾಟ್‌ಗೆ 30 ಯೂನಿಟ್ ಬಂದರೆ ಹೆಚ್ಚು. ಸೂರ್ಯ ಮನೆಗಳ ಮೇಲೆ ಇಣುಕಿ ವಾಪಸ್ ಹೋಗುತ್ತಾನೆ.

ಆದರೆ ಏಪ್ರಿಲ್, ಮೇ ತಿಂಗಳ ತಂಪು ಬಿಸಿಲಿನ ದಿನ ಇದೆಯಲ್ಲ, ಆಕಾಶ ತೊಳೆದಿಟ್ಟ ಹಾಗೆ, ಹೊರಗೆ 12 ಡಿಗ್ರಿ, ಜಾಕೆಟ್ ಬೇಕು. ಅವತ್ತು ಪ್ಯಾನೆಲ್ ಬರೆದ ಅಂಕಿಗೆ ಹತ್ತಿರ ಓಡುತ್ತದೆ. ಜುಲೈನ ಸೆಕೆಯಲ್ಲಿ ಮಧ್ಯಾಹ್ನದ ಅಂಕಿ ಅಷ್ಟು ಮೇಲೆ ಹೋಗುವುದಿಲ್ಲ. ಅಪ್ಪನಿಗೆ ಫೋನಿನಲ್ಲಿ ಇದನ್ನು ಹೇಳಿದರೆ "ಚಳಿಗೆ ಸೋಲಾರ್ ಓಡುತ್ತಾ, ಸುಮ್ನಿರು" ಅಂದರು.

ಭಡ್ಲಾ ಹೇಗಿತ್ತು ಅಂತ ಪಾವಗಡದವರು ಸ್ವಲ್ಪ ಬರೆಯಿರಿ. ಮರಳುಗಾಡು ಅಂದರೆ ಸೋಲಾರ್‌ಗೆ ಸ್ವರ್ಗ ಅಂದುಕೊಂಡಿದ್ದೆ.

ಪಾವಗಡ ಪಾಳಿ

ಬೆಳಕಿಗೆ ಸ್ವರ್ಗವೇ. 2,245 ಮೆಗಾವ್ಯಾಟ್ ಸುಮ್ನೆ ಅಲ್ಲಿ ಹೋಗಿ ಕೂತಿಲ್ಲ. ಮಳೆಗಾಲದ ಹೊಡೆತ ನಮ್ಮಷ್ಟಿಲ್ಲ, ವರ್ಷದ ಒಟ್ಟು ಬೆಳಕು ಪಾವಗಡಕ್ಕಿಂತ ಜಾಸ್ತಿ. ಆದರೆ ಮೇ, ಜೂನ್‌ನಲ್ಲಿ 46 ಡಿಗ್ರಿ ಅಲ್ಲಿ ಸುದ್ದಿಯೇ ಅಲ್ಲ. ಸ್ಕ್ರೂಡ್ರೈವರ್ ಬಿಸಿಲಲ್ಲಿ ಇಟ್ಟು ಮರೆತರೆ ಬರಿಗೈಯಲ್ಲಿ ಎತ್ತಲು ಆಗುವುದಿಲ್ಲ. ಪ್ಯಾನೆಲ್ ಬಿಡಿ, ಇನ್ವರ್ಟರ್‌ಗಳೇ ಕಾವಿಗೆ ತಾವು ಕೊಡುವ ಶಕ್ತಿಯನ್ನು ತಾವೇ ಇಳಿಸಿಕೊಳ್ಳುತ್ತವೆ. ನಿಮ್ಮ ಮನೆಯ ಇನ್ವರ್ಟರ್ ಕೂಡ ಹಾಗೇ, ಸಿಂಧನೂರಿನವರೇ. ಪಶ್ಚಿಮದ ಗೋಡೆಗೆ ಸಂಜೆ ಬಿಸಿಲು ಬೀಳುವ ಕಡೆ ಹಾಕಿದ್ದರೆ ನೆರಳು ಮಾಡಿ.

ಅಲ್ಲಿನ ನಿಜವಾದ ಶತ್ರು ಮರಳು. ಆಂಧಿ, ಅಂದರೆ ಮರಳಿನ ಬಿರುಗಾಳಿ, ಎದ್ದರೆ ಪಕ್ಕದವನ ಮುಖ ಕಾಣುವುದಿಲ್ಲ. ಹಿಂದಿನ ದಿನ ಒರೆಸಿದ ಸಾಲುಗಳು ಮರುದಿನ ಬೆಳಗ್ಗೆ ಹಳದಿ. ನೀರು ತರುವುದೇ ಕಷ್ಟ, ಅದಕ್ಕೆ ರಾತ್ರಿ ಹೊತ್ತು ರೋಬೋಟ್‌ಗಳು ಒಣ ಬ್ರಷ್ ಹಾಕಿಕೊಂಡು ಪ್ಯಾನೆಲ್ ಮೇಲೆ ಓಡುತ್ತವೆ. ಆ ಸದ್ದಿಗೇ ನಿದ್ದೆ ಮಾಡುವುದು ರೂಢಿಯಾಗಿತ್ತು. ಪಾವಗಡದಲ್ಲಿ ಅಂಥ ಆಂಧಿ ಇಲ್ಲ. ನೀರಿನ ಬರ ಮಾತ್ರ ಇಲ್ಲೂ ಇದೆ. ಒಂದು ಪ್ಯಾನೆಲ್‌ಗೆ ಎಷ್ಟು ನೀರು ಅಂತ ಲೀಟರ್ ಲೆಕ್ಕ ಹಾಕಿಯೇ ತೊಳೆಯುತ್ತೇವೆ.

ತುಂಗಭದ್ರಾ ದಂಡೆ (ಸಿಂಧನೂರು)

ತುಂಬಾ ಥ್ಯಾಂಕ್ಸ್. ಮೇಲೆ ಹತ್ತಿ ನೋಡಿದೆ. ನೀವು ಹೇಳಿದ ಕೆಸರಿನ ಪಟ್ಟಿ ಎಲ್ಲ ಪ್ಯಾನೆಲ್‌ನ ಕೆಳ ಅಂಚಿಗೂ ಇದೆ, ಬೆರಳಗಲ. ಒರೆಸಿದ ಮೇಲೆ ಮಧ್ಯಾಹ್ನ 2.3 ಕಂಡಿತು. ಇನ್ವರ್ಟರ್ ಇರುವುದು ಪಶ್ಚಿಮದ ಗೋಡೆಗೇ! ಹಾಕುವಾಗ ಯಾರೂ ಹೇಳಲಿಲ್ಲ. ಒಂದು ತಗಡು ಬಡಿಸುತ್ತೇನೆ.

ಎರಡು ಅನುಮಾನ ಉಳಿದಿವೆ. ಮೇ ಬಂದಾಗ ಪ್ಯಾನೆಲ್ ಮಟ್ಟಸ ಮಾಡಿ, ಚಳಿಗಾಲಕ್ಕೆ ಮತ್ತೆ ಓರೆ ಮಾಡಿದರೆ ಲಾಭ ಇದೆಯಾ? ವೆಲ್ಡಿಂಗ್‌ನವನು ಮಾಡಿಕೊಡುತ್ತೇನೆ ಅಂತಿದ್ದಾನೆ. ಇನ್ನೊಂದು, ನಮ್ಮ ಕಡೆ ಒಮ್ಮೊಮ್ಮೆ ಆಲಿಕಲ್ಲು ಬೀಳುತ್ತದೆ. ತಡೆಯುತ್ತವಾ?

ಪಾವಗಡ ಪಾಳಿ

ವೆಲ್ಡಿಂಗ್‌ನವನಿಗೆ ಟೀ ಕೊಟ್ಟು ಕಳಿಸಿ. ವರ್ಷಕ್ಕೆ ಎರಡು ಸಲ ಓರೆ ಬದಲಿಸಿದರೆ ನೂರಕ್ಕೆ ಮೂರು, ನಾಲ್ಕು ಸಿಗಬಹುದು. ಸಡಿಲ ಬೋಲ್ಟ್ ಬಿಟ್ಟು, ಮೇ ತಿಂಗಳ ಮಳೆಗಾಳಿಗೆ ಪ್ಯಾನೆಲ್ ಹಾರಿ ಪಕ್ಕದ ಮನೆಗೆ ಬಿದ್ದರೆ ಆ ನಾಲ್ಕಕ್ಕೆ ಏನು ಬೆಲೆ? ವಾರಂಟಿಯೂ ಹೋಗಬಹುದು. ಪೂರ್ತಿ ಮಟ್ಟಸ ಮಾಡಿದರೆ ದೂಳು, ನೀರು ಎರಡೂ ಇಳಿಯದೆ ಅಲ್ಲೇ ನಿಲ್ಲುತ್ತವೆ. 15 ಡಿಗ್ರಿ ಇರಲಿ.

ಆಲಿಕಲ್ಲಿಗೆ ಭಯ ಬೇಡ. 25 ಮಿಲಿಮೀಟರ್ ಮಂಜುಗಡ್ಡೆ ಉಂಡೆಯನ್ನು ಸೆಕೆಂಡಿಗೆ 23 ಮೀಟರ್ ವೇಗದಲ್ಲಿ ಹೊಡೆದು ಪರೀಕ್ಷೆ ಮಾಡಿಯೇ ಪ್ಯಾನೆಲ್‌ಗೆ ಸರ್ಟಿಫಿಕೇಟ್ ಕೊಡುತ್ತಾರೆ. ಅದಕ್ಕಿಂತ ತುಂಬಾ ದೊಡ್ಡದು ಬಿದ್ದರೆ ಮಾತ್ರ ಯೋಚಿಸಬೇಕು. ಆಗ ನಿಮ್ಮ ಕಾರಿನ ಗಾಜೂ ಉಳಿದಿರುವುದಿಲ್ಲ.

ಹಾಕಿಕೊಟ್ಟವರ ಜೊತೆ ಜಗಳ ಆಡಲೇಬೇಕು ಅಂತಿದ್ದರೆ ಮೇ ತಿಂಗಳ ಯೂನಿಟ್‌ಗೆ ಆಡಬೇಡಿ. ಇನ್ವರ್ಟರ್ ಗೋಡೆಗೆ ಆಡಿ. ಮತ್ತೆ ಮುಂದಿನ ಮಾರ್ಚ್‌ನ ಅಂಕಿಯನ್ನು ಈ ಮಾರ್ಚ್‌ನ ಜೊತೆ ಇಟ್ಟು ನೋಡಿ. ಮೇ ಜೊತೆ ಅಲ್ಲ, ಬೇರೆ ಊರಿನ ಅಂಕಿಯ ಜೊತೆಯೂ ಅಲ್ಲ. ಪ್ಯಾನೆಲ್ ತೊಳೆದ ಮೇಲೂ ಅದೇ ತಿಂಗಳಿಗೆ ನೂರಕ್ಕೆ ಹತ್ತರಷ್ಟು ಇಳಿದಿದ್ದರೆ, ಆಕಾಶವೂ ಅಷ್ಟೇ ಶುಭ್ರ ಇದ್ದಿದ್ದರೆ, ಆಗ ಫೋನ್ ಮಾಡಿ. ಹವಾಮಾನ ಅಂದರೆ ಒಪ್ಪಬೇಡಿ.

ಅಡಿಕೆ ಸಿಪ್ಪೆ (ತೀರ್ಥಹಳ್ಳಿ)

ಹಾವಸೆಗೆ ಏನು ಮಾಡಬೇಕು ಅಂತ ಯಾರೂ ಹೇಳಲಿಲ್ಲ.

ಪಾವಗಡ ಪಾಳಿ

ನಮ್ಮಲ್ಲಿ ಹಾವಸೆ ಹುಟ್ಟುವಷ್ಟು ಮಳೆ ಎಲ್ಲಿದೆ ಮಾರಾಯ್ರೇ! ಮೆತ್ತನೆ ನೈಲಾನ್ ಬ್ರಷ್, ಬರೀ ನೀರು, ಮಳೆಗಾಲ ಮುಗಿದ ಕೂಡಲೇ. ಬ್ಲೀಚಿಂಗ್ ಪೌಡರ್ ಮಾತ್ರ ಹಾಕಬೇಡಿ, ಫ್ರೇಮ್ ತಿನ್ನುತ್ತದೆ. ಇನ್ನು ಚೆನ್ನಾಗಿ ಗೊತ್ತಿರುವವರು ಮಂಗಳೂರು, ಉಡುಪಿ ಕಡೆಯವರು ಯಾರಾದರೂ ಇದ್ದರೆ ಬರೆಯಲಿ. ಅವರಿಗೆ ಹಾವಸೆಯ ಜೊತೆ ಕಡಲ ಉಪ್ಪುಗಾಳಿಯೂ ಇದೆ.